ಗೆರೆಯವನು ಕೆಡಿಸಿದ ಕಪಾಟು

ಡಿಸೈನರಮ್ಮ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಾಗ ನನಗೆ ಮೊದಲು ಬಂದದ್ದು ನಗು. ದೇವನಹಳ್ಳಿಯಿಂದ ಸ್ವಲ್ಪ ಆಚೆಗೆ ಕಟ್ಟಿದ್ದ ಹೊಸ ವಿಲ್ಲಾ ಅದು. ನಾವಿಬ್ಬರೂ ಮಹಡಿಯ ಮೇಲಿನ ಬಾತ್‌ರೂಮಿನಲ್ಲಿ ನಿಂತಿದ್ದೆವು. ಫೋಟೋದಲ್ಲಿ ಒಂದು ಕಪಾಟು. ಮೇಲೆ ಕೈ ತೊಳೆಯುವ ಬೇಸಿನ್ನು, ಕೆಳಗೆ ಎರಡು ಬಾಗಿಲು, ಪಕ್ಕದಲ್ಲಿ ಮೂರು ಡ್ರಾಯರು. ಬಿಳಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ಒಳಗಿನ ಕಂದು ಬಣ್ಣ ಇಣುಕುತ್ತಿತ್ತು. ಹಿಡಿಯ ಸುತ್ತ ಸವೆದಿತ್ತು. ಕೆಳಗಿನ ಅಂಚು ಐವತ್ತು ವರ್ಷ ನೀರು ಕುಡಿದ ಹಾಗಿತ್ತು.

"ಇದನ್ನ ಸರಿ ಮಾಡ್ಬೇಕಾ ಮೇಡಂ? ಎಲ್ಲಿದೆ ಇದು?"

"ಅಯ್ಯೋ, ಅಲ್ಲ ಅಂಕಲ್. ನಮ್ಮ ವ್ಯಾನಿಟಿ ಹೀಗೆ ಕಾಣ್ಬೇಕು."

ಅವರ ವ್ಯಾನಿಟಿ, ಅಂದರೆ ಬೇಸಿನ್ನಿನ ಕೆಳಗಿನ ಕಪಾಟು, ನನ್ನ ಬೆನ್ನ ಹಿಂದೆಯೇ ಇತ್ತು. ಬಡಗಿ ಹಿಂದಿನ ದಿನವಷ್ಟೇ ಕೂರಿಸಿ ಹೋಗಿದ್ದ. ಪ್ಲೈವುಡ್ಡಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಈ ಸುತ್ತಿನಲ್ಲಿ ನನ್ನಷ್ಟು ನುಣುಪಾಗಿ ಬಣ್ಣ ಹೊಡೆಯುವವನು ಇನ್ನೊಬ್ಬನಿಲ್ಲ. ಜಂಬ ಎನ್ನುತ್ತೀರಾ? ಜಂಬವೇ. ನಾನು ಬಣ್ಣ ಹೊಡೆದ ಬಾಗಿಲಿನಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಂಡವರಿದ್ದಾರೆ. ಅಂಥವನನ್ನು ಕರೆದು, ಹೊಸ ಸಾಮಾನನ್ನು ಹಾಳು ಬಿದ್ದ ಹಾಗೆ ಮಾಡಿಕೊಡು ಎಂದರೆ ಏನನ್ನಬೇಕು?

"ಹಾಳ್ಮಾಡೋದು ತಾನೆ ಮೇಡಂ? ಎರಡು ದಿನ ಸಾಕು" ಎಂದೆ.

ಕೆಳಗೆ ಹಾಲ್‌ನಲ್ಲಿ ನನ್ನ ಜೊತೆಗಾರ ತಲೆಬಾಗಿಲನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಾ ಕುಳಿತಿದ್ದ. ಅವನನ್ನು ನಾವೆಲ್ಲ ಕರೆಯುವುದು ಗೆರೆಯವನು ಎಂದೇ. ಮುಂಚೆ ಗೋಡೆಗಳಿಗೆ ಕೆಳಗರ್ಧ ಆಯಿಲ್ ಪೇಂಟು, ಮೇಲರ್ಧ ಡಿಸ್ಟೆಂಪರು ಹೊಡೆಯುತ್ತಿದ್ದರಲ್ಲ, ಆ ಎರಡರ ನಡುವೆ ಬೆರಳಗಲದ ಒಂದು ಕಪ್ಪು ಗೆರೆ ಬರಬೇಕಿತ್ತು. ಉಳಿದವರು ದಾರ ಕಟ್ಟಿ, ಗುರುತು ಹಾಕಿ, ಉಗುಳು ನುಂಗಿಕೊಂಡು ಎಳೆಯುತ್ತಿದ್ದರು. ಇವನು ದಾರ ಮುಟ್ಟುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಬ್ರಷ್ಷಿಟ್ಟು ಉಸಿರು ಬಿಗಿಹಿಡಿದು ನಡೆದನೆಂದರೆ ಗೆರೆ ಆಚೆ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದ ಎಷ್ಟೋ ಮನೆಗಳಲ್ಲಿ ಆ ಗೆರೆ ಇವತ್ತಿಗೂ ಇದೆ. ಜಂಬಗಾರನಾದ ನಾನೇ ಹೇಳುತ್ತಿದ್ದೇನೆ, ಅದು ನನಗೆ ಬರುತ್ತಿರಲಿಲ್ಲ.

ಎರಡು ವರ್ಷದಿಂದ ಅವನ ಬಲಗೈ ನಡುಗುತ್ತಿದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ತಿಂದೂ ನಡುಗುತ್ತದೆ. ಯಾರೂ ಅವನ ಕೈಗೆ ಬ್ರಷ್ಷು ಕೊಡುವುದಿಲ್ಲ. ಉಜ್ಜುವ ಕೆಲಸಕ್ಕೆ ನಡುಗಿದರೇನು ಎಂದು ನಾನು ಜೊತೆಗೆ ಕರೆದುಕೊಂಡು ಬರುತ್ತಿದ್ದೆ. ಬೆಳಗ್ಗೆ ಒಂದೇ ಬಸ್ಸಿಗೆ ಬರುತ್ತಿದ್ದೆವು, ಸಂಜೆ ಒಂದೇ ಬಸ್ಸಿಗೆ ವಾಪಸ್ಸು.

ಪುಕ್ಕಟೆಯಾಗಿ ಏನಲ್ಲ. ಟೀ ಬಂದಾಗ ಫ್ಲಾಸ್ಕು ನನ್ನ ಕೈಯಲ್ಲಿರುತ್ತಿತ್ತು. ಎಲ್ಲರ ಲೋಟಕ್ಕೂ ಅರ್ಧ. ಅವನ ಲೋಟಕ್ಕೆ ಮಾತ್ರ ಅಂಚಿನವರೆಗೆ. "ಕುಡಿ, ಚೆಲ್ಬೇಡ" ಎಂದು ಕೈಗಿಡುತ್ತಿದ್ದೆ. ಅವನು ಎರಡು ಕೈಯಲ್ಲಿ ಹಿಡಿದು, ಬಾಯನ್ನೇ ಲೋಟದ ಹತ್ತಿರ ತರುವಷ್ಟರಲ್ಲಿ ಅರ್ಧ ಟೀ ಅಂಗಿಯ ಮೇಲಿರುತ್ತಿತ್ತು. ಬಡಗಿ ಬಿದ್ದು ಬಿದ್ದು ನಗುತ್ತಿದ್ದ. ಗೆರೆಯವನೂ ನಗುತ್ತಿದ್ದ. "ನನ್ ಮಗನೆ, ನಿಂಗೂ ಒಂದಿನ ಬರ್ತದೆ ಇರ್ಲಾ" ಎನ್ನುತ್ತಿದ್ದ.

ಮೇಲೆ ಏನು ಮಾಡುತ್ತಿದ್ದೇನೆ ಎಂದು ಅವನಿಗೆ ನಾನು ಹೇಳಲಿಲ್ಲ. ಮಂಡಿ ನೋವಿನಿಂದ ಅವನು ಮೆಟ್ಟಿಲು ಹತ್ತುತ್ತಿರಲಿಲ್ಲ, ನನಗೂ ಅನುಕೂಲವಾಯಿತು. ಕೆಡಿಸುವುದಕ್ಕೆ ಕೂಲಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವನ ಮುಂದೆ ಬಾಯಿ ಬಿಡಲು ನಾಚಿಕೆಯಾಯಿತು.

"ಮ್ಯಾಲೆ ಏನ್ಲಾ ಮಾಡ್ತಿದೀಯ, ಇಳಿಯೋದೇ ಇಲ್ಲ?" ಎಂದು ಕೇಳಿದ.

"ಕನ್ನಡಿ ಫಿನಿಶ್ ಕಣ್ಲಾ. ನಿನ್ನಂಥವ್ರಿಗಲ್ಲ ಅದು."

"ಒಂದ್ಸಲ ನಂಗೂ ಬ್ರಷ್ ಕೊಡ್ಲಾ. ಹಿಂಗೇ ಬಿಟ್ರೆ ಕೈ ಮರ್ತೋಯ್ತದೆ."

"ನಿಂಗ್ ಕೊಟ್ರೆ ಬಾಗಿಲು ಬಿಟ್ಟು ಬಡಗಿ ಮುಖಕ್ಕೆ ಬಳೀತೀಯ."

ನಕ್ಕ. ಆದರೆ ದಿನಾ ಕೇಳುತ್ತಿದ್ದ. ಬಸ್ಸಿನಲ್ಲಿ ಕೇಳುತ್ತಿದ್ದ, ಊಟದ ಡಬ್ಬಿ ಮುಚ್ಚುವಾಗ ಕೇಳುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಎರಡು ದಿನ ಎಂದಿದ್ದೆನಲ್ಲ, ಒಂದು ವಾರ ಹೋಯಿತು. ಮೊದಲು ಪ್ಲೈ ತುಂಡುಗಳ ಮೇಲೆ ಮಾದರಿ ಮಾಡಿದೆ. ಪ್ರೈಮರ್ ಹೊಡೆದು, ಉಜ್ಜಿ, ಕಂದು ಬಣ್ಣ ಕೊಟ್ಟೆ. ಅದು ಒಣಗಿದ ಮೇಲೆ ಅಂಚು ಮೂಲೆಗಳಿಗೆ ಮೇಣದಬತ್ತಿ ತಿಕ್ಕಿದೆ. ಮೇಣ ಇದ್ದಲ್ಲಿ ಮೇಲಿನ ಬಣ್ಣ ಕಚ್ಚುವುದಿಲ್ಲ, ಉಜ್ಜಿದರೆ ಎದ್ದುಬರುತ್ತದೆ. ಅದರ ಮೇಲೆ ಬಿಳಿ ಕೊಟ್ಟು, ಒಣಗಿಸಿ, ಉಪ್ಪುಕಾಗದ ಆಡಿಸಿದೆ. ಡಿಸೈನರಮ್ಮ ಬಂದು ತಲೆ ಓರೆ ಮಾಡಿ ನೋಡಿದಳು.

"ಎಲ್ಲಾ ಕಡೆ ಒಂದೇ ಥರ ಇದೆ ಅಂಕಲ್. ಅಳತೆ ಇಟ್ಟು ಕೆರೆದ ಹಾಗೆ."

ನಿಜವಾಗಿಯೂ ಹಾಗೇ ಇತ್ತು. ನಾಲ್ಕು ಅಂಚಿನಲ್ಲೂ ಅರ್ಧ ಬೆರಳು, ಸ್ಕೇಲಿಟ್ಟ ಹಾಗೆ. ಕೆಡಿಸುವಾಗಲೂ ನನ್ನ ಕೈ ನೆಟ್ಟಗೇ ಕೆಡಿಸಿತ್ತು.

ಎರಡನೆಯದಕ್ಕೆ ಸರಪಳಿಯಲ್ಲಿ ಹೊಡೆದೆ, ಮೊಳೆಯಲ್ಲಿ ಚುಚ್ಚಿದೆ. "ಇಲಿ ಕಡಿದ ಹಾಗಿದೆ" ಎಂದಳು. ಮೂರನೆಯದಕ್ಕೆ ಎರಡು ಬಣ್ಣಗಳ ನಡುವೆ ಮರಕ್ಕೆ ಹಾಕುವ ಅಂಟು ಬಳಿದು, ಅದು ಒಣಗುವ ಮುಂಚೆಯೇ ಬಿಳಿ ಕೊಟ್ಟೆ. ಕೆರೆ ಒಣಗಿದ ಹಾಗೆ ಬಿರುಕು ಬಿಟ್ಟಿತು. ಎದೆಯುಬ್ಬಿಸಿಕೊಂಡು ಬಾತ್‌ರೂಮಿನಲ್ಲೇ ಇಟ್ಟು ಹೋದೆ. ಮಾರನೆಯ ದಿನ ಪ್ಲಂಬರ್ ಗೀಸರ್ ಪರೀಕ್ಷೆ ಮಾಡಿ ಬಿಸಿನೀರು ಬಿಟ್ಟಿದ್ದ. ಆವಿಗೆ ಬಣ್ಣವೆಲ್ಲ ಹಾಲಿನ ಕೆನೆಯ ಹಾಗೆ ಎದ್ದು ಬಂದಿತ್ತು.

ಅವಳು ಕೋಪಿಸಿಕೊಳ್ಳಲಿಲ್ಲ. "ಯಾರೋ ಮಾಡಿದ್ದು ಅಂತ ಗೊತ್ತಾಗ್ಬಾರ್ದು ಅಂಕಲ್. ತಾನಾಗೇ ಆಗಿರೋ ಹಾಗಿರ್ಬೇಕು. ಸೋಮವಾರದವರೆಗೆ ನೋಡೋಣ, ಇಲ್ಲಾಂದ್ರೆ ಬೆಂಗಳೂರಿಂದ ಒಬ್ಬರನ್ನ ಕರೆಸ್ತೀನಿ. ನೀವು ತಲೆಬಾಗಿಲು ನೋಡ್ಕೊಳ್ಳಿ."

ಬೆಂಗಳೂರಿಂದ ಒಬ್ಬರು! ಅಷ್ಟು ವರ್ಷದ ಕೆಲಸದಲ್ಲಿ ಆ ಮಾತು ನಾನು ಕೇಳಿರಲಿಲ್ಲ.

ಸೋಮವಾರ ಬೆಳಗ್ಗೆ ಕಪಾಟಿನ ಎರಡು ಬಾಗಿಲು, ಮೂರು ಡ್ರಾಯರಿನ ಮುಖ ಬಿಚ್ಚಿಕೊಂಡು ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ತಂದೆ. ಕಂದು ಬಣ್ಣ ಮುಂಚೆಯೇ ಕೊಟ್ಟಿದ್ದೆ. ಒಂದು ಬಾಗಿಲಿಗೆ ಮೇಣ ತಿಕ್ಕಿ ಸುಮ್ಮನೆ ಕುಳಿತೆ. ಬ್ರಷ್ಷು ಅದ್ದಲು ಮನಸ್ಸೇ ಬರಲಿಲ್ಲ. ಗೆರೆಯವನು ಉಜ್ಜುವುದನ್ನು ನಿಲ್ಲಿಸಿ ಪಕ್ಕಕ್ಕೆ ಬಂದ.

"ಕೊಡ್ಲಾ. ಒಂದೇ ಒಂದು ಬಾಗಿಲು."

"ತಗೋ, ಸಾಯಿ" ಎಂದು ಬ್ರಷ್ಷು ಅವನ ಕೈಗೆ ತುರುಕಿ ಟೀ ಅಂಗಡಿಗೆ ಹೋದೆ.

ವಾಪಸು ಬಂದಾಗ ಅವನು ಒದ್ದೆ ಬಟ್ಟೆ ಹಿಡಿದುಕೊಂಡು ಬಾಗಿಲಿನ ಮೇಲೆ ಬಗ್ಗಿದ್ದ. ಮುಖ ಬೆವೆತಿತ್ತು. ಬಿಳಿ ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ಇಲ್ಲವೇ ಇಲ್ಲ. ಕೈ ಎಗರಿದಲ್ಲಿ ಬ್ರಷ್ಷು ಜಿಗಿದು ಕಂದು ಹಾಗೇ ಉಳಿದಿತ್ತು. ಸೋರಿದ್ದನ್ನು ನಾನು ಬರುವುದರೊಳಗೆ ಒರೆಸಿಬಿಡಬೇಕೆಂದು ಅವಸರದಲ್ಲಿ ಬಟ್ಟೆ ಎಳೆದಿದ್ದ. ಅಂಚಿನಲ್ಲಿ ಮೇಣದ ಮೇಲಿದ್ದ ಬಣ್ಣವೆಲ್ಲ ಬಟ್ಟೆಗೆ ಬಂದಿತ್ತು. ಹಿಡಿ ಕೂರುವ ಜಾಗದ ಸುತ್ತ ಒತ್ತಿ ಒತ್ತಿ ಒರೆಸಿದ್ದ.

"ಕೆಡಿಸ್ಬಿಟ್ಟೆ ಕಣ್ಲಾ" ಎಂದ. "ಬ್ರಷ್ಷು ಜಾರ್ತದೆ. ನಿಲ್ಲೋದೇ ಇಲ್ಲ. ಇಷ್ಟೊಂದು ಕೆಟ್ಟೋಗದೆ ಅಂತ ಗೊತ್ತಿರ್ಲಿಲ್ಲ ನನ್ ಕೈ."

ಅಂಚಿನಲ್ಲಿ ಬ್ರಷ್ಷು ಜಾರಿದ್ದು ನನ್ನ ಮೇಣಕ್ಕೆ. ಅದು ಅವನಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ಡಿಸೈನರಮ್ಮ ಇಳಿದವಳೇ ಬಾಗಿಲಿನ ಮುಂದೆ ಮಂಡಿಯೂರಿ ಕುಳಿತಳು.

"ಅಂಕಲ್! ಸೂಪರ್! ಇದೇ, ಇದೇ ಬೇಕಾಗಿತ್ತು. ಯಾರು ಮಾಡಿದ್ದು?"

ಗೆರೆಯವನು ನೆಲ ನೋಡುತ್ತಿದ್ದ. ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದಿದ್ದ.

"ನಂದೇ ಮೇಡಂ" ಎಂದೆ.

ಅವಳು ಹೋದ ಮೇಲೆ ಅವನು ನನ್ನ ಹೆಗಲು ಹಿಡಿದುಕೊಂಡ. "ಪಾಪ, ಆ ಮಗೀಗೆ ಬಣ್ಣ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ನೀನು ನನ್ನ ಮಾನ ಉಳಿಸ್ದೆ ಕಣ್ಲಾ" ಎಂದ. ಆಗಲಾದರೂ ಹೇಳಬಹುದಿತ್ತು. "ಇರ್ಲಿ ಬಿಡು, ಮೇಲೆ ಇನ್ನೊಂದು ಕೋಟು ನಾನು ಹೊಡ್ಕೋತೀನಿ. ನಾಳೆ ಇನ್ನೊಂದು ಬಾಗಿಲೂ ನೀನೇ ಮಾಡು, ಆದ್ರೆ ಚೆನ್ನಾಗಿ ಮಾಡು" ಎಂದೆ. ನಾನು ಹೊಡೆದದ್ದು ಬಣ್ಣವಲ್ಲ, ನೀರು ಇಳಿಯದಿರಲಿ ಎಂದು ಹೊಳಪಿಲ್ಲದ ಕ್ಲಿಯರ್ ವಾರ್ನಿಷ್ ಎರಡು ಕೋಟು. ಅದರ ಒಳಗೆ ಅವನ ಕೆಲಸ ಹಾಗೇ ಉಳಿಯಿತು.

ಇಲ್ಲಿಂದ ಮುಂದಿನದನ್ನು ಬರೆಯುವುದು ನನಗೆ ಖುಷಿಯಲ್ಲ. ಆದರೆ ಆಗ ಖುಷಿಯಾಗಿಯೇ ಇದ್ದೆ. ಇಡೀ ಜೀವಮಾನದಲ್ಲಿ ಇಷ್ಟು ಒಳ್ಳೆಯ ಚೇಷ್ಟೆ ಮಾಡಿರಲಿಲ್ಲ ಎನಿಸಿತು. ಇವನು ಚೆನ್ನಾಗಿ ಮಾಡಲು ಹೆಣಗುತ್ತಾನೆ, ಕೆಡುತ್ತದೆ, ಅವಳು ಕೆಟ್ಟದ್ದನ್ನು ನೋಡಿ ಚಪ್ಪಾಳೆ ತಟ್ಟುತ್ತಾಳೆ, ಹೆಸರು ನನ್ನದು. ಎರಡನೇ ಬಾಗಿಲೂ ಹಾಗೇ ಆಯಿತು, ಮೊದಲ ಡ್ರಾಯರೂ ಹಾಗೇ.

ಎರಡನೇ ಡ್ರಾಯರಿನ ದಿನ ಅವನು ಬಸ್ಸಿನಲ್ಲೇ ಉಬ್ಬಿಹೋಗಿದ್ದ.

"ಮನೆ ಹಿತ್ಲಲ್ಲಿ ಗೋಡೆ ಮ್ಯಾಲೆ ನೀರಲ್ಲಿ ಗೆರೆ ಎಳ್ದೆ ಕಣ್ಲಾ. ಒಣಗೋಯ್ತದಲ್ಲ, ಯಾರೂ ನೋಡಲ್ಲ. ಎಂಟು ಎಳ್ದೆ. ಕೊನೇದು ನೆಟ್ಟಗ್ ಬಂತು."

"ಹೆಂಡ್ತಿ ಏನಂದ್ಲು?"

"ನಗಾಡಿದ್ಳು. ಆಮೇಲೆ ಅವ್ಳೇ ನಿಂತ್ಕೊಂಡು ನೀರು ಹಿಡ್ದಿದ್ಲು."

ಅವತ್ತು ಅವನು ಮಣಿಕಟ್ಟಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿಕೊಂಡ. ಬಡಗಿಯ ಸ್ಟೂಲು ತಂದು ಮೊಣಕೈಯನ್ನು ಅದರ ಮೇಲೂರಿದ. ಉಸಿರು ಬಿಗಿಹಿಡಿದ. ಕೈ ನಡುಗುತ್ತಿತ್ತು, ಆದರೆ ಬ್ರಷ್ಷಿನ ತುದಿಗೆ ಬರುವಷ್ಟರಲ್ಲಿ ನಡುಕ ಸಣ್ಣದಾಗಿತ್ತು. ಒಂದೊಂದು ಗೀಟಿಗೂ ಐದು ನಿಮಿಷ. ಮೇಣದ ಅಂಚಿನ ಮೇಲೂ ಎರಡು ಸಲ ತೆಳ್ಳಗೆ ಹೊಡೆದು ಕೂರಿಸಿದ. ಒಂದೂವರೆ ಗಂಟೆ ಬಿಟ್ಟು ಎದ್ದಾಗ ಡ್ರಾಯರಿನ ಮುಖ ತಟ್ಟೆಯಲ್ಲಿಟ್ಟ ಮೊಸರಿನ ಹಾಗಿತ್ತು.

"ಹೆಂಗೈತ್ಲಾ?" ಎಂದ. ಕಣ್ಣು ಹೊಳೆಯುತ್ತಿತ್ತು.

"ಒಣಗ್ಲಿ, ನೋಡೋಣ" ಎಂದೆ.

ಸಂಜೆ ಡಿಸೈನರಮ್ಮ ಬಂದಾಗ ಅವನು ಹಿಂದೆ ನಲ್ಲಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದ. "ಇದು ಮಾತ್ರ ಹೊಸದರ ಹಾಗಿದೆ ಅಂಕಲ್. ಸೆಟ್ ಆಗ್ತಿಲ್ಲ. ಇನ್ನೊಂದ್ಸಲ ಮಾಡಿ" ಎಂದಳು. ನಾನು ಅದನ್ನು ಮೇಲಕ್ಕೊಯ್ದು, ಪುಟ್ಟಿ ಬ್ಲೇಡಿನಲ್ಲಿ ಪೂರಾ ಕೆರೆದು, ಮತ್ತೆ ಕಂದು ಕೊಟ್ಟೆ.

ಮಾರನೆಯ ದಿನ ಅವನು ಮೊದಲು ಕೇಳಿದ್ದೇ ಅದನ್ನು.

"ಕೆಟ್ಟೋಗಿತ್ತು ಕಣ್ಲಾ" ಎಂದೆ. "ಅಳ್ಸಿದೀನಿ. ಇನ್ನೊಂದ್ಸಲ ಹೊಡಿ."

ಅವನು ಮಣಿಕಟ್ಟಿಗೆ ಬಟ್ಟೆ ಕಟ್ಟಿಕೊಳ್ಳಲು ಹೋದ. ನಾನು ಸ್ಟೂಲು ಬಡಗಿಗೆ ಬೇಕಂತೆ ಎಂದು ತೆಗೆದುಕೊಂಡು ಹೋದೆ. ಬೇಕಿರಲಿಲ್ಲ. ಅದಕ್ಕೂ ಮುಂಚೆ ಟೀ ತರಿಸಿ, ಅಂಚಿನವರೆಗೆ ತುಂಬಿ, ಕೈಗೆ ಕೊಟ್ಟಿದ್ದೆ. ಚೆಲ್ಲಿಕೊಂಡ. ಬಡಗಿ ನಕ್ಕ. ಅವತ್ತು ಗೆರೆಯವನು ನಗಲಿಲ್ಲ. ಆಮೇಲೆ ನಾನು ಅವನ ತಲೆಯ ಮೇಲೇ ನಿಂತು "ಬೇಗ ಬೇಗ, ಮೇಡಂ ಬರ್ತವ್ರೆ, ಏನ್ಲಾ ಆಮೆ ಥರ" ಎಂದು ಅವಸರ ಮಾಡಿದೆ. ಕೈ ಹಾರಾಡಿತು. ಎರಡನೆಯದು, ಮೂರನೆಯದು, ಎರಡೂ ಡ್ರಾಯರು ಒಂದೇ ಮಧ್ಯಾಹ್ನದಲ್ಲಿ ಕೆಟ್ಟವು. ಬಟ್ಟೆಯಲ್ಲಿ ಒರೆಸಿ ಒರೆಸಿ ಸುಸ್ತಾಗಿ ಗೋಡೆಗೊರಗಿ ಕುಳಿತುಬಿಟ್ಟ.

ಬಲು ಚೆನ್ನಾಗಿ ಬಂದಿದ್ದವು.

ಎಲ್ಲವನ್ನೂ ಮೇಲೆ ಜೋಡಿಸಿದೆ. ಹಿಂಬದಿಗೂ ಅಡಿಗೂ ಕ್ಲಿಯರ್ ಬಳಿದೆ, ಹಿಡಿಗಳನ್ನು ಕೂರಿಸಿದೆ. ಬೇಸಿನ್ನಿನ ಕೆಳಗೆ ಆ ಕಪಾಟು ಅಲ್ಲೇ ಹುಟ್ಟಿ ಅಲ್ಲೇ ಮುದಿಯಾದ ಹಾಗೆ ನಿಂತಿತು. ಡಿಸೈನರಮ್ಮ ಫೋಟೋ ಮೇಲೆ ಫೋಟೋ ತೆಗೆದಳು. ಕನ್ನಡಿಯ ಚೌಕಟ್ಟಿಗೂ ಇದೇ ಬಣ್ಣ ಬೇಕು ಎಂದಳು. ಬಡಗಿ ಬಾಗಿಲಿಗೊರಗಿ ನಿಂತಿದ್ದ.

"ಟೆಕ್ನಿಕ್ ಏನು ಅಂಕಲ್? ನಮಗೂ ಹೇಳಿಕೊಡಿ."

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಅದು ಗೊತ್ತಿಲ್ಲ.

"ಭಾಳ ಸುಲಭ ಮೇಡಂ. ಹಿಂಗೆ" ಎಂದು ಒಣ ಬ್ರಷ್ಷು ಹಿಡಿದು, ಗೂನು ಬೆನ್ನು ಮಾಡಿ, ನಾಲಿಗೆ ಸ್ವಲ್ಪ ಹೊರಗೆ ಹಾಕಿ, ಬಲಗೈ ಗಡಗಡ ಅಲ್ಲಾಡಿಸಿದೆ. "ಹಿಂಗೆ ನಡುಗಿಸ್ಬೇಕು. ಆಮೇಲೆ, ಅಯ್ಯಯ್ಯೋ ಕೆಡ್ತು ಅಂತ, ಹಿಂಗೆ ಒರೆಸ್ಬೇಕು." ಬಡಗಿಗೆ ಯಾರೆಂದು ತಿಳಿಯಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ನಾನು ಇನ್ನಷ್ಟು ನಡುಗಿಸಿದೆ.

ಬಡಗಿಯ ನಗು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಹೊರಗೆ, ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಗೆರೆಯವನು ನಿಂತಿದ್ದ. ಅಷ್ಟು ದಿನದಲ್ಲಿ ಮೊದಲ ಸಲ ಹತ್ತಿ ಬಂದಿದ್ದ. ತಾನು ಬಣ್ಣ ಹೊಡೆದದ್ದು ಕೊನೆಗೆ ಹೇಗೆ ಬಂತೆಂದು ನೋಡಲು ಬಂದಿದ್ದ.

ಅವನು ನನ್ನ ಕೈ ನೋಡಿದ. ಆಮೇಲೆ ಕಪಾಟು ನೋಡಿದ. ಹತ್ತಿರ ಬಂದು, ಒರೆಸಿದ ಜಾಗಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಮೇಲೆ ಬಣ್ಣದ ಇನ್ನೊಂದು ಕೋಟು ಬಿದ್ದೇ ಇಲ್ಲವೆಂದು ಬಣ್ಣದವನಿಗೆ ಬೆರಳಲ್ಲೇ ತಿಳಿಯುತ್ತದೆ. ಮಧ್ಯದ ಡ್ರಾಯರಿನ ಹತ್ತಿರ ಬೆರಳು ನಿಂತಿತು.

"ಅವತ್ತಿನ ಡ್ರಾಯರು ಚೆನ್ನಾಗೇ ಬಂದಿತ್ತೇನ್ಲಾ?"

ಅಷ್ಟೇ ಕೇಳಿದ. ನಾನು ಕೈಯಲ್ಲಿದ್ದ ಒಣ ಬ್ರಷ್ಷನ್ನು ಬೇಸಿನ್ನಿನ ಪಕ್ಕಕ್ಕಿಟ್ಟೆ. ಅವನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಸಂಜೆಯ ಬಸ್ಸಿಗೆ ಕಾಯಲಿಲ್ಲ, ಸಿಕ್ಕಿದ್ದಕ್ಕೆ ಹತ್ತಿಹೋದ. ಅವನ ಊಟದ ಡಬ್ಬಿ ಕಾರಿನ ಜಾಗದಲ್ಲೇ ಉಳಿದಿತ್ತು.

ಕನ್ನಡಿಯ ಚೌಕಟ್ಟು ನನ್ನ ಪಾಲಿಗೆ ಬಂತು. ನಾಲ್ಕು ದಿನ ಒದ್ದಾಡಿದೆ. ಎಡಗೈಯಲ್ಲಿ ಹೊಡೆದೆ. ಕಣ್ಣು ಮುಚ್ಚಿಕೊಂಡು ಹೊಡೆದೆ. ಬೇಕೆಂದೇ ಕೈ ನಡುಗಿಸಿ ಹೊಡೆದೆ. ಅದೂ ಅಲೆ ಅಲೆಯಾಗಿ, ಒಂದೇ ಅಳತೆಯಲ್ಲಿ ಬಂತು. ಡಿಸೈನರಮ್ಮ ಕಪಾಟಿನ ಪಕ್ಕಕ್ಕೆ ಹಿಡಿದು ನೋಡಿ ತಲೆಯಾಡಿಸಿದಳು. ಆಗ ಹೇಳಿಬಿಟ್ಟೆ. ಆ ಕೈ ನನ್ನದಲ್ಲ, ಆವತ್ತು ಮೇಲೆ ಬಂದಿದ್ದನಲ್ಲ ಅವನದು, ಅವನಿಗೆ ನಡುಕದ ಕಾಯಿಲೆ, ಅವನು ಚೆನ್ನಾಗಿ ಮಾಡಲೆಂದೇ ಹೊಡೆದದ್ದು, ಎಲ್ಲವನ್ನೂ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಸಿಕೊಂಡರೆ ಹಗುರವಾಗುತ್ತಿತ್ತೇನೋ.

"ಓ, ಹೌದಾ?" ಎಂದಳು. ಮತ್ತೊಮ್ಮೆ ಕಪಾಟಿನ ಕಡೆ ನೋಡಿದಳು. "ಹಾಗಾದ್ರೆ ಗುರುವಾರ ಅವರನ್ನೇ ಕರ್ಕೊಂಡ್ ಬನ್ನಿ. ಆದ್ರೆ ಮುಂಚೆ ಏನೂ ಹೇಳ್ಬೇಡಿ ಅಂಕಲ್, ಕಾನ್ಷಿಯಸ್ ಆಗ್ಬಿಡ್ತಾರೆ."

ನಾನು ಕಂಡುಹಿಡಿದ ಚೇಷ್ಟೆಯೇ ಅದು. ಅವಳ ಬಾಯಲ್ಲಿ ಕೇಳಿದಾಗ ಎಷ್ಟು ಹೊಲಸಾಗಿ ಕೇಳಿಸಿತು! ಚೌಕಟ್ಟನ್ನು ಪೂರಾ ಉಜ್ಜಿ, ಪುಟ್ಟಿ ತುಂಬಿ, ನನ್ನ ಕೈಗೆ ಬರುವ ಹಾಗೆ ಕನ್ನಡಿಯಷ್ಟು ನುಣ್ಣಗೆ ಬಿಳಿ ಹೊಡೆದು ಅಲ್ಲಿಟ್ಟೆ. "ಇದು ಬೇಡ್ವಲ್ಲ ಅಂಕಲ್" ಎಂದಳು. "ನಂಗೆ ಬರೋದು ಇಷ್ಟೇ ಮೇಡಂ" ಎಂದು ಬ್ರಷ್ಷು ತೊಳೆದುಕೊಂಡು ಬಂದೆ.

ಊಟದ ಡಬ್ಬಿ ಹಿಡಿದುಕೊಂಡು ಗೆರೆಯವನ ಮನೆಗೆ ಹೋದೆ. ಅವನ ಹೆಂಡತಿ ರೇಷ್ಮೆ ನೂಲು ತೆಗೆಯುವ ಕೆಲಸದಿಂದ ಆಗ ತಾನೆ ಬಂದು ಕೈ ತೊಳೆಯುತ್ತಿದ್ದಳು. ಪ್ರತಿಸಲ "ಬಾರಣ್ಣ, ಕುಚೇಷ್ಟೆ ಯಜಮಾನ್ರು ಬಂದ್ರು" ಎನ್ನುವವಳು ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಹಿತ್ತಿಲ ಗೋಡೆ ಕಾಣುತ್ತಿತ್ತು. ಒಣಗಿತ್ತು. ಬ್ರಷ್ಷು ಎಲ್ಲೂ ಕಾಣಲಿಲ್ಲ.

ಗೆರೆಯವನು ಜಗಲಿಯ ಮೇಲೆ ಕುಳಿತಿದ್ದ. ನಾನೂ ಕುಳಿತೆ. ಹೆಂಡತಿ ಟೀ ಪಾತ್ರೆ, ಎರಡು ಲೋಟ ತಂದಿಟ್ಟಳು. ಅವನು ಅವಳನ್ನು ಕಣ್ಣಲ್ಲೇ ತಡೆದು ಪಾತ್ರೆಯನ್ನು ತಾನೇ ತೆಗೆದುಕೊಂಡ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದ. ಮೊಣಕೈ ಮಂಡಿಯ ಮೇಲೂರಿದ. ಉಸಿರು ಬಿಗಿಹಿಡಿದ. ಟೀ ನೂಲಿನ ಹಾಗೆ ಸಣ್ಣಗೆ ಇಳಿಯಿತು. ಅರ್ಧ ತುಂಬಿತು, ಮುಕ್ಕಾಲು ತುಂಬಿತು. ಬೀದಿಯಲ್ಲಿ ಒಂದು ಲಗೇಜ್ ಆಟೋ ಬಂದು, ನಿಂತು, ಹೋಯಿತು. ಇನ್ನೂ ಹುಯ್ಯುತ್ತಿದ್ದ. ಲೋಟದ ಅಂಚು ಮುಟ್ಟಿ, ಅಂಚಿಗಿಂತ ಒಂದು ಎಳೆ ಮೇಲಕ್ಕೆ ಟೀ ಉಬ್ಬಿ ನಿಂತ ಮೇಲೆ ಪಾತ್ರೆ ಕೆಳಗಿಟ್ಟ. ಜಗಲಿಯ ಮೇಲೆ ಒಂದು ತೊಟ್ಟು ಬಿದ್ದಿರಲಿಲ್ಲ.

"ಚೆನ್ನಾಗಿತ್ತು ಕಣ್ಲಾ, ಆ ಡ್ರಾಯರು" ಎಂದೆ.

ಅವನು ಲೋಟವನ್ನು ಬೆರಳ ತುದಿಯಿಂದ ನನ್ನ ಕಡೆಗೆ ಒಂದಿಷ್ಟೇ ಸರಿಸಿದ.

"ಕುಡಿ" ಎಂದ. "ಚೆಲ್ಬೇಡ."